ಅಪ್‌ಡೇಟ್: ಮಾನಿಟರ್‌ದಾಗ ಚಿತ್ರ ಬಂತ್ರಿ

ಹೋದ ವಾರ ಕೇಳಿದ್ದೆ: ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟಿಗೆ ಮಾನಿಟರ್ ಹಚ್ಚಿದರ 'ನೋ ಸಿಗ್ನಲ್' ಅಂತದ, ಮುಚ್ಚಳ ಮುಚ್ಚಿದರ ಎಲ್ಲಾ ಮಲಗ್ತದ, ಏನ್ ಮಾಡ್ಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಶರಣ್ರಿ.

ತಪ್ಪು ಕೇಬಲ್‌ದಲ್ಲ, ಪೋರ್ಟಿಂದು. ನಂದು ಬರೀ ಡೇಟಾ ಮತ್ತ ಚಾರ್ಜಿಂಗಿಂದು. ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ (ಟೈಪ್-ಸಿ ಪೋರ್ಟಿಂದ ಚಿತ್ರ ಕಳಿಸೂ ಸೌಲಭ್ಯ) ಇಲ್ಲಂದ್ರ ಅದರಿಂದ ನೇರ ಚಿತ್ರ ಬರೂದೇ ಇಲ್ಲ. ನಮ್ಮೂರ ಸೂಪರ್ ಮಾರ್ಕೆಟ್ ಬಜಾರಕ್ಕ ಹೋಗಿ ಎಚ್‌ಡಿಎಂಐ ಕೇಬಲ್ ತಂದು ಹಚ್ಚಿದೆ. ಪರದೆ ಎರಡು ಸೆಕೆಂಡ್ ಕಪ್ಪಾಗಿದ್ದು, ಆಮ್ಯಾಲ ಚಿತ್ರ ಬಂದೇ ಬಿಡ್ತು! ಆದರ ಮೌಸ್ ಬಾಣ ಜಗ್ಗಿ ಜಗ್ಗಿ ಹೋಗ್ತಿತ್ತು. ನೋಡಿದರ 4ಕೆ ಮಾನಿಟರ್ 30 ಹರ್ಟ್ಸ್‌ನಾಗ, ಅಂದ್ರ ಸೆಕೆಂಡಿಗೆ ಬರೀ 30 ಸಲ ಚಿತ್ರ ಬದಲಾಗೂವಂಗ, ನಡದಿತ್ತು. ನನ್ನ ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟ್ ಹಳೇ 1.4 ಆವೃತ್ತಿದು, 4ಕೆ ಕೊಟ್ಟರ ಅದರ ತಾಕತ್ತು ಅಷ್ಟೇ. ರೆಸಲ್ಯೂಷನ್ 2560×1440ಕ್ಕ ಇಳಿಸಿ 60 ಹರ್ಟ್ಸ್ ಮಾಡಿದೆ, ಈಗ ಬೆಣ್ಣಿಯಂಗ ಓಡ್ತದ.

ಮುಚ್ಚಳಕ್ಕ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ದಾಗ 'ಡು ನಥಿಂಗ್' (ಮುಚ್ಚಿದರ ಏನೂ ಮಾಡಬ್ಯಾಡ) ಇಟ್ಟೆ. ಕೆಲಸ ಮಾಡ್ತದ ಖರೆ, ಆದರ ನಮ್ಮ ಕಲಬುರಗಿ ಬಿಸಿಲಿನಾಗ ಪೂರ್ತಿ ಮುಚ್ಚಿ ಇಡ್ಲಾಕ ಮನಸ್ಸಾಗಲಿಲ್ಲ. ಅರ್ಧ ತೆಗದು, ಫ್ಯಾನಿನ ಕಿಂಡಿಗೆ ಗಾಳಿ ಸಿಗೂವಂಗ ಹಿಂದಿನ ಅಂಚಿಗೆ ಎರಡು ನೋಟ್‌ಬುಕ್ ಕೊಟ್ಟೀನಿ. ಮಾನಿಟರ್ ಈಗ ಕಣ್ಣಿನ ಮಟ್ಟಕ್ಕದ, ಕೀಬೋರ್ಡ್ ಮೊಣಕೈ ಎತ್ತರಕ್ಕ. ಕುತ್ತಿಗಿ ನೋವು ಮೂರು ದಿನದಾಗ ಭಾಳ ಕಡಿಮಿ ಆಗ್ಯದ.