ಸಸ್ಪೆಂಡ್ ಆದ ಲ್ಯಾಪ್‌ಟಾಪನ್ನು ವೈಫೈ ಮೂಲಕ ಎಚ್ಚರಿಸುವುದು

ಪ್ರಶ್ನೆ (ಶಿಡ್ಲಘಟ್ಟದಿಂದ):
ಮಾನ್ಯರೇ, ನಮ್ಮ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದ ಲೆಕ್ಕವಿರುವ ಲಿನಕ್ಸ್ ಲ್ಯಾಪ್‌ಟಾಪನ್ನು ಮನೆಯಿಂದಲೇ ಎಚ್ಚರಿಸಬೇಕಾಗಿದೆ. ಘಟಕ ಮನೆಯ ಹಿಂಭಾಗದಲ್ಲೇ ಇದ್ದು, ಎರಡಕ್ಕೂ ಒಂದೇ ರೌಟರ್ ಇದೆ. ಸಸ್ಪೆಂಡ್ ಆದ (ನಿದ್ರೆಗೆ ಜಾರಿದ) ಕೂಡಲೇ ಮ್ಯಾಜಿಕ್ ಪ್ಯಾಕೆಟ್ (ಜಾಲದ ಮೂಲಕ ಯಂತ್ರವನ್ನು ಎಬ್ಬಿಸುವ ವಿಶೇಷ ಸಂದೇಶ) ಕಳುಹಿಸಿದರೆ ಯಂತ್ರ ಏಳುತ್ತದೆ. ಒಂದು ಗಂಟೆ ಕಳೆದರೆ ಏಳುವುದಿಲ್ಲ. ಕಾರಣವೇನಿರಬಹುದು?

ಉತ್ತರ 1 (ಚಿಂತಾಮಣಿಯಿಂದ):
ಮ್ಯಾಜಿಕ್ ಪ್ಯಾಕೆಟ್ಟಿನಲ್ಲಿ 6 ಬೈಟ್ ಎಫ್‌ಎಫ್ (ಬೈಟಿನ ಗರಿಷ್ಠ ಬೆಲೆ), ಅನಂತರ 16 ಬಾರಿ ಯಂತ್ರದ ಮ್ಯಾಕ್ ವಿಳಾಸ (ಜಾಲದ ಕಾರ್ಡಿನ 6 ಬೈಟ್ ಗುರುತು), ಹೀಗೆ ಒಟ್ಟು 102 ಬೈಟ್ ಇರುತ್ತದೆ. ಕೇಬಲ್ಲಿನಲ್ಲಿ ಇಷ್ಟೇ ಸಾಕು. ವೈಫೈನಲ್ಲಿ ಮಾತ್ರ, ಪ್ರೊಸೆಸರ್ ನಿದ್ರಿಸುತ್ತಿರುವಾಗಲೂ ವೈಫೈ ಕಾರ್ಡಿನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ರೌಟರಿನ ಸಂಪರ್ಕವನ್ನು ಉಳಿಸಿಕೊಂಡು, ಬೀಕನ್‌ಗಳನ್ನು (ರೌಟರ್ ಆಗಾಗ ಹೊರಡಿಸುವ ಸೂಚನೆಗಳನ್ನು) ಆಲಿಸುತ್ತ, ಬಂದದ್ದನ್ನು ಗೂಢಲಿಪಿಯಿಂದ ಬಿಡಿಸಿ ಓದಬೇಕು. ಎಲ್ಲರಿಗೂ ಪ್ರಸಾರವಾಗುವ ಪ್ಯಾಕೆಟ್ಟಿಗೆ ಬಳಕೆಯಾಗುವ ಗುಂಪಿನ ಕೀಲಿಯನ್ನು ಹಲವು ರೌಟರ್‌ಗಳು 3600 ಸೆಕೆಂಡಿಗೊಮ್ಮೆ ಬದಲಿಸುತ್ತವೆ. ಆ ಹೊಸ ಕೀಲಿಯನ್ನು ಫರ್ಮ್‌ವೇರ್ ತಾನೇ ಸ್ವೀಕರಿಸಲಾರದಾದರೆ ಸಂಪರ್ಕವೇ ಕಡಿದುಹೋಗಬಹುದು. ನಿಮ್ಮಲ್ಲಿ ಆಗುತ್ತಿರುವುದು ಬಹುಶಃ ಇದೇ. 'ಐಡಬ್ಲ್ಯೂ ಲಿಸ್ಟ್' (iw list) ಆದೇಶ ಕೊಟ್ಟು, ಜಿಟಿಕೆ ರೀಕೀಯಿಂಗ್ (ಗುಂಪಿನ ಕೀಲಿಯ ಬದಲಾವಣೆ) ಬೆಂಬಲವಿದೆಯೇ ಎಂದು ದಯವಿಟ್ಟು ನೋಡಿ.

ಉತ್ತರ 2 (ಮಾಲೂರಿನಿಂದ):
ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ಪ್ಯಾಕೆಟ್ಟನ್ನು ಆ ಯಂತ್ರಕ್ಕೊಂದಕ್ಕೇ ಕಳುಹಿಸುವುದಾದರೆ, ನಿದ್ರೆಯಲ್ಲಿಯೂ ಎಆರ್‌ಪಿ ವಿಚಾರಣೆಗೆ (ಈ ಐಪಿ ವಿಳಾಸದ ಯಂತ್ರದ ಮ್ಯಾಕ್ ವಿಳಾಸ ಯಾವುದು ಎಂಬ ಪ್ರಶ್ನೆಗೆ) ಉತ್ತರಿಸುವ ಶಕ್ತಿ ಕಾರ್ಡಿಗೆ ಇರಬೇಕು, ಇಲ್ಲವೇ ಕಳುಹಿಸುವ ಕಡೆ ಮ್ಯಾಕ್ ವಿಳಾಸವನ್ನು ಸ್ಥಿರವಾಗಿ ನಮೂದಿಸಬೇಕು. ಇನ್ನೊಂದು ಮಾತು: ಸಾಮಾನ್ಯ ಮ್ಯಾಜಿಕ್ ಪ್ಯಾಕೆಟ್ಟಿಗೆ ದೃಢೀಕರಣವಿಲ್ಲ. ವೈಫೈ ಗುಪ್ತಪದವನ್ನು ಕೆಲಸಗಾರರೆಲ್ಲರಿಗೂ ಕೊಟ್ಟಿದ್ದರೆ, ಅವರಲ್ಲಿ ಯಾರು ಬೇಕಾದರೂ ಯಂತ್ರವನ್ನು ಎಬ್ಬಿಸಬಲ್ಲರು.

ಪ್ರಶ್ನೆ ಕೇಳಿದವರು:
ನೋಡಿದೆನು, ನಮ್ಮ ಕಾರ್ಡಿನ ಪಟ್ಟಿಯಲ್ಲಿ ಜಿಟಿಕೆ ಉಲ್ಲೇಖವೇ ಇಲ್ಲ. ರೌಟರಿನಲ್ಲಿ ಕೀಲಿ ಬದಲಾವಣೆಯ ಅವಧಿಯನ್ನು ಸದ್ಯಕ್ಕೆ 86400 ಸೆಕೆಂಡಿಗೆ ಏರಿಸಿದ್ದೇನೆ. ಇಬ್ಬರಿಗೂ ಕೃತಜ್ಞತೆಗಳು.