ಅಮ್ಮನನ್ನು ಕರೆದುಕೊಂಡು ವಿಯೆಟ್ನಾಂಗೆ: ವೀಸಾ ಹೇಗೆ, ಖರ್ಚು ಎಷ್ಟು?

ಹಾಸನದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿದ ಮೇಲೆ, ಅಂದರೆ ಫೆಬ್ರವರಿ ಕೊನೆಗೋ ಮಾರ್ಚ್‌ನಲ್ಲೋ, ವಿಯೆಟ್ನಾಂ ನೋಡಿಕೊಂಡು ಬರೋಣ ಅಂತ ಇದ್ದೇವೆ. ನಾನು, ನನ್ನ ಹೆಂಡತಿ, ನಮ್ಮ ಅಮ್ಮ. ಮೂವರಿಗೂ ಇದೇ ಮೊದಲ ವಿದೇಶ ಪ್ರಯಾಣ. ವೀಸಾ ಮಾಡಿಸಿಕೊಡಲು ಏಜೆಂಟ್ ಒಬ್ಬರು ತಲೆಗೆ ಆರು ಸಾವಿರ ಕೇಳುತ್ತಿದ್ದಾರೆ. ಅಷ್ಟು ಕೊಡಬೇಕಾ? ಅಮ್ಮ ಎಸ್ಸೆಸ್ಸೆಲ್ಸಿ ಓದಿಲ್ಲ, ಅವರ ಪಾಸ್‌ಪೋರ್ಟಿನಲ್ಲಿ ಇಸಿಆರ್ (ಕೆಲಸಕ್ಕೆ ವಿದೇಶಕ್ಕೆ ಹೋಗುವ ಮುಂಚೆ ಸರ್ಕಾರದ ಅನುಮತಿ ಬೇಕು ಅನ್ನುವ ಗುರುತು) ಅಂತ ಇದೆ. ಏರ್‌ಪೋರ್ಟಿನಲ್ಲಿ ತಡೆಯುತ್ತಾರೆ ಅಂತ ಯಾರೋ ಹೆದರಿಸಿದ್ದಾರೆ. ಮೇಲಾಗಿ ಅವರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ದೊಡ್ಡ ಹೋಟೆಲ್ ಬೇಡ, ಚೊಕ್ಕಟವಾಗಿದ್ದರೆ ಸಾಕು. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಚಿಕ್ಕಮಗಳೂರಿನಿಂದ:

ಏಜೆಂಟ್‌ಗೆ ಕೊಡಬೇಡಿ ಸರ್. ಈ ವೀಸಾ ಮನೆಯಲ್ಲೇ ಕೂತು ಮಾಡಿಕೊಳ್ಳುವಂಥದ್ದು. ಒಂದು ಸಲ ಹೋಗಿ ಬರುವ ಇ-ವೀಸಾಕ್ಕೆ ವಿಯೆಟ್ನಾಂ ಸರ್ಕಾರದ ಶುಲ್ಕ 25 ಡಾಲರ್, ಅಂದರೆ ನಮ್ಮ ದುಡ್ಡಲ್ಲಿ 2,300 ರೂಪಾಯಿ ಆಸುಪಾಸು. ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಓಡಾಡುವ ವೀಸಾಕ್ಕೆ 50 ಡಾಲರ್. ನಡುವೆ ಕಾಂಬೋಡಿಯಾದ ಅಂಕೋರ್ ವಾಟ್ ನೋಡಿ ಮತ್ತೆ ವಿಯೆಟ್ನಾಂಗೆ ಬರುವ ಯೋಚನೆ ಇದ್ದರೆ ಮಾತ್ರ ಅದು ಬೇಕು, ಇಲ್ಲದಿದ್ದರೆ 25ರದ್ದೇ ಸಾಕು. 2023ರ ಆಗಸ್ಟ್ 15ರಿಂದ ಇದನ್ನು 90 ದಿನದವರೆಗೆ ಕೊಡುತ್ತಾರೆ.

ಸರ್ಕಾರದ ಸೈಟು ಯಾವುದು ಅಂತ ಗುರುತಿಸುವುದೇ ಇದರಲ್ಲಿ ದೊಡ್ಡ ಕೆಲಸ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವುದೆಲ್ಲ ಖಾಸಗಿಯವರ ಸೈಟು. ನೋಡಲು ಸರ್ಕಾರದ್ದೇ ಥರ ಇರುತ್ತವೆ, ದುಡ್ಡು ಮಾತ್ರ ಎರಡು ಮೂರು ಪಟ್ಟು. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ವಿಎನ್' ಇರಲೇಬೇಕು. ಅದು ಇಲ್ಲ ಅಂದರೆ ಮುಂದಕ್ಕೆ ಹೋಗಬೇಡಿ.

ಫಾರ್ಮ್ ತುಂಬುವಾಗ ಪಾಸ್‌ಪೋರ್ಟನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ನಮ್ಮ ಕಡೆಯವರಿಗೆ ಹೆಸರಿನದೇ ತಲೆನೋವು. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಉದ್ದಕ್ಕೆ. ಬೇರೆಲ್ಲ ಮರೆತುಬಿಡಿ. ಪಾಸ್‌ಪೋರ್ಟಿನ ಫೋಟೋ ಇರುವ ಪುಟದ ಕೆಳಗೆ ಬಾಣದಂಥ ಗುರುತುಗಳಿರುವ ಎರಡು ಸಾಲು ಇದೆಯಲ್ಲ, ಅದರಲ್ಲಿ ಹೇಗಿದೆಯೋ ಹಾಗೇ ಒಂದೊಂದು ಅಕ್ಷರ ನೋಡಿ ಹಾಕಿ. ವಿಮಾನದ ಟಿಕೆಟ್‌ಗೂ ಅದೇ ಹೆಸರು. ನಮ್ಮ ಪಾಸ್‌ಪೋರ್ಟ್ ನಂಬರಿನಲ್ಲಿ ಮೊದಲು ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ಏಳು ಅಂಕಿ, ಅದನ್ನೂ ಎಣಿಸಿ ನೋಡಿ. ಹುಟ್ಟಿದ ದಿನ, ತಿಂಗಳು ಅದಲುಬದಲಾದ ವೀಸಾ ಹಿಡಿದುಕೊಂಡು ಬಂದ ಹುಡುಗನೊಬ್ಬನನ್ನು ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ. ಅವನ ಜೊತೆಯವರು ಹೋದರು, ಅವನು ಬ್ಯಾಗ್ ಇಟ್ಟುಕೊಂಡು ಅಲ್ಲೇ ನಿಂತಿದ್ದ. ನೋಡಿ ಹೊಟ್ಟೆ ಉರಿದುಹೋಯಿತು.

ಅಪ್‌ಲೋಡ್ ಮಾಡಲು ಎರಡೇ ಚಿತ್ರ. ಒಂದು ಕನ್ನಡಕ ಹಾಕದೆ ತೆಗೆಸಿದ ಫೋಟೋ, ಇನ್ನೊಂದು ಪಾಸ್‌ಪೋರ್ಟಿನ ಆ ಪುಟ, ಕೆಳಗಿನ ಎರಡು ಸಾಲು ಪೂರ್ತಿ ಕಾಣಬೇಕು, ಲೈಟು ಬಿದ್ದು ಹೊಳೆಯಬಾರದು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಅವಧಿ ಬಾಕಿ ಇರಲಿ. ಬರುವ ದಿನ ಅಂತ ಕೇಳುತ್ತದಲ್ಲ, ಅಲ್ಲಿ ವಿಮಾನ ಇಳಿಯುವ ದಿನಕ್ಕಿಂತ ಎರಡು ಮೂರು ದಿನ ಮುಂಚಿನದು ಹಾಕಿ, ವಾಪಸಿನ ದಿನವನ್ನೂ ಧಾರಾಳವಾಗಿ ಮುಂದಕ್ಕೆ ಇಡಿ. 90 ದಿನಕ್ಕೂ ಹತ್ತು ದಿನಕ್ಕೂ ಶುಲ್ಕ ಒಂದೇ, ಟಿಕೆಟ್ ಹಿಂದೆ ಮುಂದೆ ಆದರೂ ಗಾಬರಿ ಇರಲ್ಲ. ಯಾವ ಏರ್‌ಪೋರ್ಟಿನಲ್ಲಿ ಇಳಿಯುತ್ತೀರೋ ಅದನ್ನೇ ಆರಿಸಿ.

ದುಡ್ಡು ಕಟ್ಟುವ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಿ. ಕಟ್ಟಿದ ದುಡ್ಡು ವೀಸಾ ಸಿಗದಿದ್ದರೂ ವಾಪಸ್ ಬರಲ್ಲ. ಆಮೇಲೆ ಒಂದು ನೋಂದಣಿ ನಂಬರ್ ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ. ಆ ನಂಬರ್, ನಿಮ್ಮ ಇಮೇಲ್, ಹುಟ್ಟಿದ ದಿನಾಂಕ ಮೂರೂ ಹಾಕಿದರೆ ವೀಸಾ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಮೂರು ಕೆಲಸದ ದಿನ ಅಂತ ಹೇಳುತ್ತಾರೆ, ಆದರೆ ಒಂದು ವಾರವೂ ಹಿಡಿಯುತ್ತದೆ. ಇನ್ನೊಂದು ವಿಷಯ, ಟೆಟ್ ಅಂತ ಅವರ ಹೊಸ ವರ್ಷ ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುತ್ತದೆ. ಆಗ ವಾರಗಟ್ಟಲೆ ಆಫೀಸು, ಅಂಗಡಿ ಬಾಗಿಲು ಹಾಕಿರುತ್ತವೆ, ರೂಮು ಬಸ್ಸು ಎಲ್ಲದರ ರೇಟೂ ಏರುತ್ತದೆ. ನೀವು ಹೋಗುವ ವರ್ಷ ಟೆಟ್ ಯಾವಾಗ ಅಂತ ನೋಡಿ, ಅದಕ್ಕೆ ಮುಂಚೆಯೇ ಅರ್ಜಿ ಹಾಕಿಬಿಡಿ.

ಬೇಲೂರಿನಿಂದ:

ನಮ್ಮ ಅಮ್ಮನ ಪಾಸ್‌ಪೋರ್ಟೂ ಇಸಿಆರ್. ಯಾರೂ ಒಂದು ಮಾತು ಕೇಳಲಿಲ್ಲ. ಇಸಿಆರ್ ನಿಯಮ ಇರುವುದು ಕೆಲಸಕ್ಕೆ ಅಂತ ಹೋಗುವವರಿಗೆ, ಅದೂ ಗಲ್ಫ್ ದೇಶಗಳು, ಮಲೇಷ್ಯಾ, ಥಾಯ್ಲೆಂಡ್ ಸೇರಿ 18 ದೇಶಕ್ಕೆ. ವಿಯೆಟ್ನಾಂ ಆ ಪಟ್ಟಿಯಲ್ಲೇ ಇಲ್ಲ. ಪ್ರವಾಸಕ್ಕೆ ಹೋಗುವ ಅಮ್ಮನಿಗೆ ಅದರಿಂದ ಏನೂ ಆಗಲ್ಲ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಎರಡನ್ನೂ ಪ್ರಿಂಟ್ ತೆಗೆಸಿ ಅವರ ಕೈಚೀಲದಲ್ಲೇ ಇಡಿ. ಇಮಿಗ್ರೇಷನ್‌ನಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತಾರೆ, ಕಾಗದ ಮಗನ ಹತ್ತಿರ ಇದೆ ಅಂತ ಹುಡುಕಾಡುವ ಹಾಗೆ ಆಗಬಾರದು.

ಊಟದ ವಿಷಯ ಹೇಳುತ್ತೇನೆ, ಇದರಲ್ಲಿ ನಾನು ತುಂಬ ತಲೆ ಕೆಡಿಸಿಕೊಂಡವಳು. ಅಲ್ಲಿ ತರಕಾರಿ ಪಲ್ಯ ಅಂತ ಕೊಟ್ಟರೂ ಅದರಲ್ಲಿ ಮೀನಿನ ಸಾಸ್ ಬಿದ್ದಿರುತ್ತದೆ. ಫೋ ಅನ್ನುವ ನೂಡಲ್ಸ್ ಸಾರಿಗೆ ಮೂಳೆ ಬೇಯಿಸಿದ ನೀರು. ಹಾಗಾಗಿ 'ಸಿ ಎಚ್ ಎ ವೈ' ಅಂತ ನಾಲ್ಕು ಅಕ್ಷರ ಬೋರ್ಡಿನಲ್ಲಿ ಇರುವ ಹೋಟೆಲನ್ನೇ ಹುಡುಕಿ. ಅವು ಬೌದ್ಧರ ಸಸ್ಯಾಹಾರದ ಊಟದ ಮನೆಗಳು, ಪ್ರತಿ ಊರಲ್ಲೂ ಇವೆ, ಅಗ್ಗ ಕೂಡ. ಅವರ ಚಾಂದ್ರಮಾನ ತಿಂಗಳ ಮೊದಲ ದಿನ, ಹುಣ್ಣಿಮೆ ಈ ದಿನಗಳಲ್ಲಿ ಅಲ್ಲಿಯವರೂ ಎಷ್ಟೋ ಜನ ಮಾಂಸ ಬಿಡುತ್ತಾರೆ, ಆಗ ಮಾಮೂಲಿ ಹೋಟೆಲಿನಲ್ಲೂ ಸಸ್ಯಾಹಾರ ಸಿಗುತ್ತದೆ. ಒಂದು ವಿಷಯ ಅಮ್ಮನಿಗೆ ಮೊದಲೇ ಹೇಳಿಡಿ: ಸೋಯಾದಲ್ಲಿ ಮೀನು, ಕೋಳಿ ತುಂಡಿನ ಆಕಾರ ಮಾಡಿ ಇಟ್ಟಿರುತ್ತಾರೆ. ನಮ್ಮ ಅಮ್ಮ ತಟ್ಟೆ ನೋಡಿ ಎದ್ದೇ ನಿಂತುಬಿಟ್ಟಿದ್ದರು. ಅಡಿಗೆಯವಳು ಒಳಗಿಂದ ಸೋಯಾ ಪ್ಯಾಕೆಟ್ ತಂದು ತೋರಿಸಿದ ಮೇಲೆ ಕೂತರು, ಆಮೇಲೆ ಇನ್ನೊಂದು ತಟ್ಟೆ ಕೇಳಿ ತಿಂದರು. ಮೊಟ್ಟೆ ಬೇಡ ಅಂತ ಫೋನಿನಲ್ಲಿ ಅವರ ಭಾಷೆಗೆ ಅನುವಾದ ಮಾಡಿಟ್ಟುಕೊಂಡು ತೋರಿಸಿ.

ವಿಯೆಟ್ನಾಂನ ನಡುಭಾಗದ ಹೊಯಿ ಆನ್ ಊರಿಗೆ ಹೋದರೆ ಮಿ ಸನ್ ದೇವಸ್ಥಾನಗಳನ್ನು ಬಿಡಬೇಡಿ, ಸುಮಾರು 40 ಕಿಲೋಮೀಟರ್. ಹಿಂದೆ ಆ ಸೀಮೆ ಆಳಿದ ಚಂಪಾ ರಾಜರು ಕಟ್ಟಿಸಿದ ಶಿವನ ಗುಡಿಗಳು, ಮೊದಲನೆಯದನ್ನು ಕಟ್ಟಿಸಿದ ಭದ್ರವರ್ಮನ ಕಾಲ 4ನೇ ಶತಮಾನ, ಲಿಂಗಕ್ಕೆ ಭದ್ರೇಶ್ವರ ಅಂತಲೇ ಹೆಸರು. ನಮ್ಮ ಬೇಲೂರು ಹಳೇಬೀಡಿನ ಕಲ್ಲು ನೋಡಿ ಬೆಳೆದವರಿಗೆ ಅಲ್ಲಿನ ಇಟ್ಟಿಗೆ ಕೆಲಸ ಬೇರೆಯದೇ ಲೋಕ. ಯುದ್ಧದ ಕಾಲದಲ್ಲಿ ಅಮೆರಿಕದವರು ಮಾಡಿದ 1969ರ ಬಾಂಬ್ ದಾಳಿಯಲ್ಲಿ ಬಹಳಷ್ಟು ಹಾಳಾಗಿದೆ. ಕೆಲವು ಗುಡಿಗಳನ್ನು ಈಚೆಗೆ ನಮ್ಮ ಭಾರತದ ಪುರಾತತ್ವ ಇಲಾಖೆಯವರೇ ಹೋಗಿ ಸರಿಮಾಡಿದ್ದಾರೆ. ಬೆಳಿಗ್ಗೆ ಬೇಗ ಹೊರಡಿ, ಹತ್ತರ ಮೇಲೆ ಬಿಸಿಲು ತಡೆಯಲ್ಲ.

ಅರಸೀಕೆರೆಯಿಂದ:

ಚಟ್ನಿಪುಡಿ, ಅವಲಕ್ಕಿ, ರವೆ ಉಂಡೆ ಧಾರಾಳವಾಗಿ ಒಯ್ಯಿರಿ. ಕೊಬ್ಬರಿ ಗಿಟುಕು ಮಾತ್ರ ಬೇಡ, ಎಣ್ಣೆ ಜಾಸ್ತಿ, ಬೆಂಕಿ ಹತ್ತುತ್ತದೆ ಅಂತ ವಿಮಾನದಲ್ಲಿ ಬಿಡುವುದಿಲ್ಲ. ಉಪ್ಪಿನಕಾಯಿ ಕೈಚೀಲದಲ್ಲಿ ಇಟ್ಟರೆ ಕಿತ್ತುಕೊಳ್ಳುತ್ತಾರೆ, ದೊಡ್ಡ ಬ್ಯಾಗಿಗೆ ಹಾಕಿ.

ಹಾಸನದಿಂದ:

ತುಂಬ ಉಪಕಾರವಾಯಿತು. ಅಮ್ಮನಿಗೆ ಓದಿ ಹೇಳಿದೆ, ಅವರಿಗೇ ಜಾಸ್ತಿ ಧೈರ್ಯ ಬಂದಿದೆ. ಇನ್ನೆರಡು ಕೇಳುತ್ತೇನೆ. ಉತ್ತರದ ಹನೋಯ್‌ನಿಂದ ದಕ್ಷಿಣದ ಸೈಗಾನ್‌ವರೆಗೆ (ಈಗಿನ ಹೋ ಚಿ ಮಿನ್ ಸಿಟಿ) ಎಲ್ಲ ನೋಡಿಬಿಡಬಹುದಾ? ಕೈಯಲ್ಲಿ ದುಡ್ಡು ಯಾವ ರೂಪದಲ್ಲಿ ಇರಬೇಕು?

ಮೂಡಿಗೆರೆಯಿಂದ:

ಎಲ್ಲ ನೋಡಲು ಹೋಗಬೇಡಿ. ಹನೋಯ್‌ನಿಂದ ಸೈಗಾನ್‌ಗೆ ರೈಲಿನಲ್ಲಿ 1,726 ಕಿಲೋಮೀಟರ್, ಒಂದು ಹಗಲು ಒಂದು ರಾತ್ರಿ ದಾಟಿಯೂ ಪ್ರಯಾಣ ಮುಗಿಯಲ್ಲ. ಖರ್ಚು ಏರುವುದು ಊಟಕ್ಕಲ್ಲ, ರೂಮಿಗಲ್ಲ, ಊರಿಂದೂರಿಗೆ ಓಡುವುದಕ್ಕೆ. ಅಮ್ಮನೂ ಇದ್ದಾರೆ, ನಡುವಿನ ಭಾಗ ಒಂದೇ ಹಿಡಿಯಿರಿ: ಡಾ ನಾಂಗ್, ಹೊಯಿ ಆನ್, ಹುವೆ. ಮಾರ್ಚ್‌ನಲ್ಲಿ ಅಲ್ಲಿ ಮಳೆ ಇರಲ್ಲ, ಸೆಖೆಯೂ ಇನ್ನೂ ಏರಿರಲ್ಲ. ಆಗ ಹನೋಯ್ ಕಡೆ ಮಂಜು, ಜಿಟಿಜಿಟಿ. ಹುವೆಯಿಂದ ಡಾ ನಾಂಗ್‌ಗೆ ಹಗಲಿನ ರೈಲಿನಲ್ಲಿ ಬನ್ನಿ, ಮೂರು ಗಂಟೆಯೊಳಗೆ ತಲುಪುತ್ತೀರಿ, ಹಾಯ್ ವಾನ್ ಬೆಟ್ಟದ ಅಂಚಿನಲ್ಲಿ ಕೆಳಗೇ ಸಮುದ್ರ. ಡಾ ನಾಂಗ್ ಕಡೆಗೆ ಬರುವಾಗ ಎಡಗಡೆ ಕಿಟಕಿ ಸೀಟು ಕೇಳಿ. ಬೆಂಗಳೂರಿನ ವಿಮಾನ ಹನೋಯ್‌ನಲ್ಲೋ ಸೈಗಾನ್‌ನಲ್ಲೋ ಇಳಿಸಿದರೆ ಅಲ್ಲಿಂದ ಡಾ ನಾಂಗ್‌ಗೆ ಒಳನಾಡಿನ ವಿಮಾನ ಹಿಡಿದರಾಯಿತು. ಅಗ್ಗದ ಟಿಕೆಟ್‌ನಲ್ಲಿ ಕೈಚೀಲ 7 ಕೆ.ಜಿ. ಮಾತ್ರ. ದೊಡ್ಡ ಬ್ಯಾಗಿಗೆ ಟಿಕೆಟ್ ತೆಗೆಯುವಾಗಲೇ ದುಡ್ಡು ಕಟ್ಟಿ, ಕೌಂಟರಿನಲ್ಲಿ ಕಟ್ಟಿದರೆ ಜಾಸ್ತಿ ಆಗುತ್ತದೆ.

ಕೌಲಾಲಂಪುರದ ಮೇಲೆ ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ ಬ್ಯಾಗ್ ತೆಗೆದುಕೊಂಡು ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡಬೇಕು, ಅಂದರೆ ಮಲೇಷ್ಯಾದ ಒಳಗೆ ಹೋದ ಲೆಕ್ಕ. ಭಾರತೀಯರಿಗೆ 2023ರ ಡಿಸೆಂಬರ್‌ನಿಂದ ಅಲ್ಲಿ ವೀಸಾ ಇಲ್ಲದೆ ಬಿಡುತ್ತಿದ್ದಾರೆ, ಆದರೆ ಹೋಗುವ ಮೂರು ದಿನದೊಳಗೆ ಅವರ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಅಮ್ಮನ ಜೊತೆ ಈ ಗೋಜು ಯಾಕೆ ಅನ್ನಿಸುತ್ತದೆ ನನಗೆ. ಸ್ವಲ್ಪ ಜಾಸ್ತಿ ಆದರೂ ನೇರ ವಿಮಾನ ತೆಗೆಯಿರಿ.

ದುಡ್ಡು ಡಾಲರ್‌ನಲ್ಲಿ ಒಯ್ಯಿರಿ, ಮಡಿಕೆ ಇಲ್ಲದ, ಗೀಚಿಲ್ಲದ ಹೊಸ ನೋಟು. ಅಲ್ಲಿ ಬ್ಯಾಂಕಿನಲ್ಲಿ ಬದಲಿಸಿ. ಅವರ ಡಾಂಗ್ ಲೆಕ್ಕ ಸುಲಭ: ಕೊನೆಯ ಮೂರು ಸೊನ್ನೆ ಬಿಟ್ಟು ಮೂರೂವರೆಯಿಂದ ಗುಣಿಸಿದರೆ ಹೆಚ್ಚುಕಡಿಮೆ ರೂಪಾಯಿ. ಒಂದು ಲಕ್ಷ ಡಾಂಗ್ ಅಂದರೆ 350 ರೂಪಾಯಿ. ನೋಟು ಕೊಡುವಾಗ ಮಾತ್ರ ನಿಧಾನ. 20 ಸಾವಿರದ್ದೂ ನೀಲಿ, 5 ಲಕ್ಷದ್ದೂ ನೀಲಿ, ಎರಡರಲ್ಲೂ ಹೋ ಚಿ ಮಿನ್ ಮುಖ. ಸಂಜೆ ಬೀದಿ ದೀಪದಲ್ಲಿ ವ್ಯತ್ಯಾಸವೇ ಗೊತ್ತಾಗಲ್ಲ. 70 ರೂಪಾಯಿ ಎಳನೀರಿಗೆ 1,750 ಕೊಟ್ಟ ಹಾಗಾಗುತ್ತದೆ. 5 ಲಕ್ಷದ ನೋಟುಗಳನ್ನು ಬೇರೆ ಪಾಕೆಟ್ಟಿನಲ್ಲೇ ಇಡಿ. ಓಡಾಟಕ್ಕೆ ನಮ್ಮ ಓಲಾ ಥರದ ಗ್ರ್ಯಾಬ್ ಆ್ಯಪ್ ಸಾಕು, ಹತ್ತುವ ಮೊದಲೇ ರೇಟು ಕಾಣುತ್ತದೆ, ನಗದು ಕೊಡಬಹುದು. ನಮ್ಮ ಸಿಮ್‌ನ ರೋಮಿಂಗ್ ಚಾಲೂ ಮಾಡಿಸಿಕೊಂಡು ಹೋಗಿ, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಟಿಕೆಟ್ ಖರ್ಚು ಬಿಟ್ಟು ತಲೆಗೆ ದಿನಕ್ಕೆ 2,000ದಿಂದ 2,500 ಇಟ್ಟುಕೊಂಡರೆ ಮೂವರೂ ಆರಾಮಾಗಿ ಇರಬಹುದು.

ಮತ್ತೆ ಕಾಫಿ. ರೊಬಸ್ಟಾ ಬೆಳೆಯುವುದರಲ್ಲಿ ಅವರೇ ಲೋಕಕ್ಕೆ ಮೊದಲು, ಮೆಣಸಿನಲ್ಲೂ ಅವರೇ. ಲೋಟದ ಮೇಲೆ ಸಣ್ಣ ಫಿಲ್ಟರ್ ಇಟ್ಟು, ಕೆಳಗೆ ಗಟ್ಟಿ ಸಿಹಿ ಹಾಲು ಹಾಕಿ, ಡಿಕಾಕ್ಷನ್ ಒಂದೊಂದೇ ಹನಿ ಇಳಿಯುವವರೆಗೆ ಕಾಯಿಸುತ್ತಾರೆ. ನಮ್ಮ ಬಾಯಿಗೆ ಮೊದಲ ಗುಟುಕು ಕಹಿಯೇ, ಚಿಕೋರಿ ಇಲ್ಲದೆ ಅಷ್ಟು ಗಟ್ಟಿ ಕುಡಿದು ಅಭ್ಯಾಸ ಇರಲ್ಲ ಅಲ್ವಾ. ತೋಟ ಇರುವವರಾದರೆ ಇನ್ನೊಂದು ಸಲ ಡಾಕ್ ಲಾಕ್ ಪ್ರಾಂತ್ಯಕ್ಕೇ ಅಂತ ಹೋಗಿ. ನಮ್ಮ ಹಾಗೆ ದಟ್ಟ ನೆರಳಿಲ್ಲ, ಬಹಳಷ್ಟು ಕಡೆ ಬಯಲಲ್ಲೇ ಗಿಡ, ನೀರು ಕೊಟ್ಟು ಬೆಳೆಯುತ್ತಾರೆ. ಈ ಸಲ ಮಾತ್ರ ಅಮ್ಮನ ಕಾಲಿಗೆ ತಕ್ಕಷ್ಟೇ ಓಡಾಡಿ.

ಸಕಲೇಶಪುರದಿಂದ:

ಬೈಕ್ ಬಾಡಿಗೆ ಬಗ್ಗೆ ಯಾರೂ ಹೇಳಲಿಲ್ಲ. ಘಾಟಿಯಲ್ಲಿ ಓಡಿಸಿದವರಿಗೆ ಹಾಯ್ ವಾನ್ ನೋಡಿದರೆ ಕೈ ತುರಿಸುತ್ತದೆ. ಅಂಗಡಿಯವರು ಲೈಸೆನ್ಸ್ ಕೇಳದೆ ಕೊಟ್ಟೂ ಬಿಡುತ್ತಾರೆ. ಆದರೆ ನಮ್ಮ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ರಸ್ತೆ ಸಂಚಾರದ ಬಗ್ಗೆ ದೇಶಗಳು ಮಾಡಿಕೊಂಡ 1949ರ ಒಪ್ಪಂದದ್ದು, ಅಲ್ಲಿ ಒಪ್ಪುವುದು 1968ರದ್ದು. ಬಿದ್ದರೆ ಇನ್ಶೂರೆನ್ಸ್ ಒಂದು ರೂಪಾಯಿ ಕೊಡಲ್ಲ. ಕಾರು, ಡ್ರೈವರ್ ಮಾಡಿಕೊಳ್ಳಿ, ಮೂವರಿಗೆ ಹಂಚಿದರೆ ದುಬಾರಿ ಅನ್ನಿಸಲ್ಲ. ಅಮ್ಮನ ಹೆಸರಲ್ಲಿ ಟ್ರಾವೆಲ್ ಇನ್ಶೂರೆನ್ಸ್ ತೆಗೆಯುವಾಗ ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಸಿ.

ಚಿಕ್ಕಮಗಳೂರಿನಿಂದ:

ಒಂದು ಬಿಟ್ಟುಹೋಗಿತ್ತು ಸರ್. ವೀಸಾ ಬಂದ ಕೂಡಲೇ ಅದರಲ್ಲಿರುವ ಹೆಸರು, ನಂಬರ್, ದಿನಾಂಕ ಇನ್ನೊಮ್ಮೆ ಪಾಸ್‌ಪೋರ್ಟ್ ಜೊತೆ ತಾಳೆ ನೋಡಿ. ತಪ್ಪಿದ್ದರೆ ಹೊಸದಾಗಿ ಅರ್ಜಿ ಹಾಕಲು ಆಗ ಇನ್ನೂ ಸಮಯ ಇರುತ್ತದೆ. ಒಬ್ಬೊಬ್ಬರಿಗೂ ಎರಡೆರಡು ಪ್ರಿಂಟ್ ತೆಗೆಸಿ. ವಿಮಾನ ರಾತ್ರಿಯದಾದರೆ ಹಾಸನ ಮಧ್ಯಾಹ್ನವೇ ಬಿಡಿ. ಬಸ್ಸಾದರೆ ನೆಲಮಂಗಲ ದಾಟಿದ ಮೇಲೆ ಗೊರಗುಂಟೆಪಾಳ್ಯದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೋ ಹೇಳಲಾಗದು. ಯಶವಂತಪುರದವರೆಗೆ ರೈಲಿನಲ್ಲಿ ಬಂದರೆ ಆ ಚಿಂತೆ ಇಲ್ಲ. ಮೆಜೆಸ್ಟಿಕ್‌ನಿಂದ ಏರ್‌ಪೋರ್ಟಿಗೆ ವಾಯುವಜ್ರ ಬಸ್ ರಾತ್ರಿಯೂ ಇದೆ.