ತಂಗಿ ಮದುವೆ ಹ್ಯಾವ್ಲಾಕ್‌ನಲ್ಲಿ, ಸಿನಿಮಾ ಥರ ವಿಡಿಯೋ ಬೇಕಂತೆ. ಏನೇನು ಕೇಳಿಕೊಳ್ಳಬೇಕು?

ಬಾಳ್ಳುಪೇಟೆ ತೋಟದವನು:

ಎಲ್ಲರಿಗೂ ನಮಸ್ಕಾರ. ಬಾಳ್ಳುಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ತಂಗಿಗೆ ಫೆಬ್ರವರಿಯಲ್ಲಿ ಮದುವೆ. ಅವಳೂ ಹುಡುಗನೂ ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ. ಅಂಡಮಾನಿನ ಹ್ಯಾವ್ಲಾಕ್‌ನಲ್ಲೇ ಧಾರೆ ಆಗಬೇಕು ಅಂತ ಇಬ್ಬರದೂ ಒಂದೇ ಹಟ. ಅಲ್ಲಿಗೆ ನಲವತ್ತೈದು ಜನ. ವಾಪಸ್ ಬಂದ ಮೇಲೆ ಸಕಲೇಶಪುರದಲ್ಲಿ ಎಂಟುನೂರು ಜನಕ್ಕೆ ಬೀಗರೂಟ. ಅಪ್ಪ ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲ. ರೋಬಸ್ಟಾ ಕಾಫಿ ಕುಯ್ಲಿನ ಮಧ್ಯೆ ಎಲ್ಲಾ ತೋಟದ ಲೆಕ್ಕ ನೋಡುವ ರೈಟರ್ ಮೇಲೆ ಬಿಟ್ಟು ಐದು ದಿನ ಹೋಗಬೇಕಲ್ಲ ಅಂತ ಅವರ ಸಂಕಟ. ಈಗ ಒಪ್ಪಿದ್ದಾರೆ.

ನನ್ನ ತಲೆಗೆ ಕಟ್ಟಿರುವುದು ವಿಡಿಯೋ ಜವಾಬ್ದಾರಿ. ಬೆಂಗಳೂರಿನ ಒಬ್ಬರು ನಾಲ್ಕೂವರೆ ಲಕ್ಷ ಹೇಳಿದ್ದಾರೆ. ಮೂರು ಜನ ಬರುತ್ತಾರೆ, ವಿಮಾನ, ರೂಮು ಎಲ್ಲಾ ನಮ್ಮದೇ. ಅವರು ಕಳಿಸಿದ ಪಿಡಿಎಫ್‌ನಲ್ಲಿ ‘ಸಿನಿಮ್ಯಾಟಿಕ್’ ಅನ್ನುವ ಪದ ಹನ್ನೊಂದು ಸಲ ಇದೆ, ಎಣಿಸಿದೆ. ‘ಮುಹೂರ್ತ’ ಅನ್ನುವ ಪದ ಒಂದು ಸಲವೂ ಇಲ್ಲ.

ಅವರ ಪ್ಲಾನ್ ಇಷ್ಟು. ಮದುವೆ ಹಿಂದಿನ ದಿನ ಸಂಜೆ 6ಕ್ಕೆ ರಾಧಾನಗರ ಬೀಚಿನಲ್ಲಿ ಸೂರ್ಯಾಸ್ತದ ಶೂಟಿಂಗ್. ಮಾರನೇ ದಿನ ರೆಸಾರ್ಟ್ ಮುಂದಿನ ಮರಳಲ್ಲಿ ಮಂಟಪ. ನಮ್ಮ ಹಾಸನದ ಪುರೋಹಿತರು ಕೊಟ್ಟ ಮುಹೂರ್ತ ಬೆಳಿಗ್ಗೆ 10.20. ಡ್ರೋನ್ ಎರಡು ಬ್ಯಾಟರಿ. ಕೊನೆಗೆ ಆರು ನಿಮಿಷದ ಫಿಲ್ಮ್, ಒಂದು ನಿಮಿಷದ ಟೀಸರ್.

ಅಜ್ಜಿಗೆ 81. ಸೋಬಾನೆ ಹಾಡುವವರು ನಮ್ಮ ಮನೆಯಲ್ಲಿ ಈಗ ಅವರೊಬ್ಬರೇ. ಅದು ವಿಡಿಯೋದಲ್ಲಿ ಬರಬೇಕು ಅಂದೆ. ‘ಆಂಬಿಯನ್ಸ್‌ಗೆ ಹಾಕೋಣ ಬ್ರೋ’ ಅಂದರು. ನನಗೆ ಯಾಕೋ ಸಮಾಧಾನ ಆಗಲಿಲ್ಲ.

ಅಲ್ಲಿ ಶೂಟ್ ಮಾಡಿದವರು, ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

ಮೂಡಿಗೆರೆ ಮಳೆ:

ಅಷ್ಟು ದೂರ ಯಾಕೆ ಮಾರಾಯ್ರೆ? ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಚಾರ್ಮಾಡಿ ಇಳಿದರೆ ಮಲ್ಪೆ. ಅಲ್ಲಿಂದ ಬೋಟಲ್ಲಿ ಸೇಂಟ್ ಮೇರೀಸ್. ಅದೂ ದ್ವೀಪವೇ ಅಲ್ವಾ?

ಹಾಸನದ ವಿಡಿಯೋದವನು:

ಮಳೆಯವರೇ, ಸೇಂಟ್ ಮೇರೀಸ್ ಚಂದವೇ. ಆ ಕಂಬ ಜೋಡಿಸಿದ ಹಾಗಿರುವ ಕಲ್ಲು ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ಆದರೆ ಸಂಜೆ ಬೆಳಕು ಬಂಗಾರ ಆಗುವ ಹೊತ್ತಿಗೆ ಕೊನೆ ಬೋಟು ಹತ್ತಿಸಿ ಕಳಿಸಿಬಿಡುತ್ತಾರೆ. ಮದುವೆಗೆ ಮುಂಚಿನ ಒಂದು ಬೆಳಗಿನ ಶೂಟಿಂಗ್‌ಗೆ ಸರಿ.

ಬಾಳ್ಳುಪೇಟೆಯವರೇ, ನಾನು ವಿಎಚ್‌ಎಸ್ ಕ್ಯಾಸೆಟ್ ಕಾಲದಿಂದ ಹಾಸನದಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದೇನೆ. ಹ್ಯಾವ್ಲಾಕ್‌ಗೆ ಎರಡು ಸಲ ಹೋಗಿದ್ದೇನೆ. ಈಗ ಅದರ ಸರ್ಕಾರಿ ಹೆಸರು ಸ್ವರಾಜ್ ದ್ವೀಪ. ನಿಮ್ಮ ಪ್ಲಾನಿನಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು ಆ ಸಂಜೆ 6 ಗಂಟೆ.

ಫೆಬ್ರವರಿ ಮಧ್ಯದಲ್ಲಿ ಹಾಸನದಲ್ಲಿ ಸೂರ್ಯ ಮುಳುಗುವುದು ಸುಮಾರು 6.30ಕ್ಕೆ. ಹ್ಯಾವ್ಲಾಕ್‌ನಲ್ಲಿ 5.25ರ ಆಸುಪಾಸು. ಹಾಸನ ಇರುವುದು 76 ಡಿಗ್ರಿ ರೇಖಾಂಶದಲ್ಲಿ, ಹ್ಯಾವ್ಲಾಕ್ 93ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಲೆಕ್ಕ ಹಾಕಿ. ಗಡಿಯಾರ ಮಾತ್ರ ಇಡೀ ದೇಶಕ್ಕೆ ಒಂದೇ. ಇದನ್ನು ಶಾಲೆಯಲ್ಲಿ ಓದಿದ್ದೆ. ಕಲಿತಿದ್ದು ಮಾತ್ರ ರಾಧಾನಗರದಲ್ಲಿ.

ಮೊದಲ ಸಲ ಹೋಗಿದ್ದು ಡಿಸೆಂಬರಿನಲ್ಲಿ. ನಾನೇ ಬರೆದ ಪಟ್ಟಿಯಲ್ಲಿ ‘5.30, ಸೂರ್ಯಾಸ್ತ’ ಅಂತಿತ್ತು. ಹುಡುಗಿಗೆ ಮೇಕಪ್ ಮುಗಿದು ವ್ಯಾನ್ ಹೊರಟಾಗ 4.45. ರೆಸಾರ್ಟುಗಳು ಹೆಚ್ಚಾಗಿ ದ್ವೀಪದ ಪೂರ್ವಕ್ಕೆ, ರಾಧಾನಗರ ಪಶ್ಚಿಮಕ್ಕೆ. ಮಧ್ಯೆ ಕಾಡಿನ ರಸ್ತೆ. ನಾವು ಇಳಿದಾಗ 5.10. ಜನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ವಾಪಸ್ ಬರುತ್ತಿದ್ದರು. ಒಬ್ಬರು ಮೊಬೈಲ್ ಟಾರ್ಚ್ ಹಾಕಿಕೊಂಡಿದ್ದರು. ಅದನ್ನು ನೋಡಿದ ತಕ್ಷಣ ಹೊಟ್ಟೆ ತಣ್ಣಗಾಯಿತು. ಹುಡುಗಿ ಮೆರೂನ್ ರೇಷ್ಮೆ ಸೀರೆ ಉಟ್ಟು ನೀರಿನ ಹತ್ತಿರ ನಿಂತರೆ ಸೀರೆ ಯಾವುದು, ಕತ್ತಲು ಯಾವುದು ಗೊತ್ತಾಗುತ್ತಿರಲಿಲ್ಲ. ‘ಅಂಕಲ್, ಎಡಿಟಿಂಗ್‌ನಲ್ಲಿ ಸರಿ ಆಗುತ್ತಾ?’ ಅಂತ ಕೇಳಿದಳು. ಆಗುತ್ತೆ ಅಂದೆ. ಆಗಲಿಲ್ಲ. ಆ ಫುಟೇಜ್ ಇವತ್ತೂ ನನ್ನ ಹಳೇ ಡಿಸ್ಕಿನಲ್ಲಿದೆ, ಯಾರಿಗೂ ತೋರಿಸಿಲ್ಲ.

ಆದ್ದರಿಂದ ಆ 6 ಗಂಟೆಯನ್ನು 4ಕ್ಕೆ ತನ್ನಿ. 4ಕ್ಕೆ ಹೊರಡುವುದಲ್ಲ, 4ಕ್ಕೆ ಅಲ್ಲಿ ನಿಂತಿರಬೇಕು.

ಇದಕ್ಕಿಂತ ದೊಡ್ಡದು ನಿಮ್ಮ ಮುಹೂರ್ತ. 10.20 ಅನ್ನುವುದು ಹಾಸನದ ಲಗ್ನದ (ಆ ಹೊತ್ತಿಗೆ ಪೂರ್ವದಲ್ಲಿ ಹುಟ್ಟುವ ರಾಶಿಯ) ಲೆಕ್ಕ. ಅದೇ ಲಗ್ನ ಹ್ಯಾವ್ಲಾಕ್‌ನಲ್ಲಿ ಗಡಿಯಾರದ ಪ್ರಕಾರ ಒಂದು ಗಂಟೆಗೂ ಮುಂಚೆ ಬರುತ್ತದೆ. ಸುಮಾರು 9.10 ಅಂದುಕೊಳ್ಳಿ. ರಾಹುಕಾಲವೂ ಹಾಗೇ ಜರುಗುತ್ತದೆ. ಪುರೋಹಿತರಿಗೆ ಊರಿನ ಹೆಸರು ಹೇಳಿ, ಅಲ್ಲಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿ ಕೊಡಿ ಅಂತ ಕೇಳಿ. ನಾನು ಕಂಡ ಎರಡು ಮದುವೆಯಲ್ಲಿ ಒಂದರ ಪುರೋಹಿತರಿಗೆ ಇದು ಹೊಳೆದಿದ್ದು ಹಡಗಿನಲ್ಲಿ ಕೂತ ಮೇಲೆ. ಪಂಚಾಂಗ ತೆಗೆದವರು ಹ್ಯಾವ್ಲಾಕ್ ಬರುವ ತನಕ ತಲೆ ಎತ್ತಲಿಲ್ಲ.

ಇನ್ನು ಉಬ್ಬರ, ಇಳಿತ. ಸಮುದ್ರ ಇಲ್ಲದ ಊರಿನವರು ನಾವು, ಇದು ನಮ್ಮ ತಲೆಗೇ ಬರುವುದಿಲ್ಲ. ಪೂರ್ವದ ಕಡೆಯ ಬೀಚಿನಲ್ಲಿ ನೀರು ಇಳಿದರೆ ಬಹಳ ದೂರ ಹಿಂದಕ್ಕೆ ಹೋಗಿಬಿಡುತ್ತದೆ. ಮಂಟಪದ ಹಿಂದೆ ನೀಲಿ ಸಮುದ್ರ ಅಂದುಕೊಂಡವರಿಗೆ ಕಪ್ಪು ಕಲ್ಲು, ಸತ್ತ ಹವಳ, ಕೆಸರು ಕಾಣಿಸುತ್ತದೆ. ನಮ್ಮ ಗೊರೂರು ಹಿನ್ನೀರು ಏಪ್ರಿಲ್‌ನಲ್ಲಿ ಕಾಣುವ ಹಾಗೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿ ಆಸುಪಾಸಿನಲ್ಲಿ ಕಡಿಮೆ. ನಿಮ್ಮ ತಾರೀಖಿನ ಉಬ್ಬರದ ಪಟ್ಟಿ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಅದನ್ನು ಮುಹೂರ್ತದ ಪಕ್ಕ ಇಟ್ಟು ನೋಡಿ. ಇಳಿತ ಬಿದ್ದರೆ ಮುಹೂರ್ತ ಬದಲಾಯಿಸಬೇಡಿ, ಮಂಟಪದ ಬೆನ್ನು ತೆಂಗಿನ ಮರಗಳ ಕಡೆಗೆ ತಿರುಗಿಸಿ.

ಸುಮ್ನೆ ಉದ್ದ ಆಯಿತು. ಡ್ರೋನ್ ಬಗ್ಗೆ ರಾತ್ರಿ ಬರೆಯುತ್ತೇನೆ, ಈಗ ಚನ್ನರಾಯಪಟ್ಟಣದಲ್ಲಿ ಒಂದು ಆರತಕ್ಷತೆ ಇದೆ.

ಕೋಟೆ ಬಡಾವಣೆ ಸೊಸೆ, ಚಿಕ್ಕಮಗಳೂರು:

ಅಣ್ಣ, ನನ್ನ ಮದುವೆ ಆಗಿದ್ದು ಅಲ್ಲೇ, ಎರಡು ವರ್ಷದ ಹಿಂದೆ. ಫಿಲ್ಮ್ ನೋಡಿದವರೆಲ್ಲ ಸೂಪರ್ ಅಂತಾರೆ. ನನಗೆ ಮಾತ್ರ ಅದರಲ್ಲಿ ನಮ್ಮ ಮನೆಯವರು ಕಾಣುವುದಿಲ್ಲ.

ಐದು ನಿಮಿಷ ನಲವತ್ತು ಸೆಕೆಂಡಿನಲ್ಲಿ ಅಲೆ ಇದೆ, ನನ್ನ ಬಳೆ ಇದೆ, ನಾನು ನಿಧಾನಕ್ಕೆ ತಲೆ ತಿರುಗಿಸುವುದು ಮೂರು ಸಲ ಇದೆ. ನನ್ನ ಸೋದರಮಾವ ಅರ್ಧ ಸೆಕೆಂಡ್. ಅದೂ ಬೆನ್ನು. ಕಾಲು ನೋವಿಟ್ಟುಕೊಂಡು ಕಳಸಾಪುರದಿಂದ ಅಷ್ಟು ದೂರ ಬಂದಿದ್ದರು. ಧಾರೆ ಎರೆಯುವಾಗ ಅಪ್ಪ ಅತ್ತಿದ್ದು ಎಲ್ಲರೂ ನೋಡಿದ್ದಾರೆ, ಫಿಲ್ಮಿನಲ್ಲಿಲ್ಲ. ಆಗ ಎಲ್ಲರೂ ಮೇಲೆ ಹಾರುತ್ತಿದ್ದ ಡ್ರೋನ್ ನೋಡುತ್ತಿದ್ದರು. ಮಂತ್ರದ ಮೇಲೆ ಅದರದ್ದೇ ಸದ್ದು, ಜೇನು ಎದ್ದ ಹಾಗೆ.

ಅದಕ್ಕೆ ಹೇಳುವುದು, ಹೆಸರು, ಫೋಟೋ ಹಾಕಿ ಒಂದು ಪಟ್ಟಿ ಮಾಡಿ ಕೊಡಿ. ಇವರು ಅಜ್ಜಿ, ಇವರು ದೊಡ್ಡಮ್ಮ, ಇವರು ಸೋದರಮಾವ ಅಂತ. ಬೆಂಗಳೂರಿನ ಹುಡುಗರಿಗೆ ನಲವತ್ತೈದು ಜನರಲ್ಲಿ ಯಾರು ಯಾರು ಅಂತ ಹೇಗೆ ಗೊತ್ತಾಗಬೇಕು, ಪಾಪ. ಶಾಸ್ತ್ರಗಳನ್ನೂ ಬರೆದುಕೊಡಿ, ಯಾವುದರ ಹಿಂದೆ ಯಾವುದು ಅಂತ. ಆರು ನಿಮಿಷದ ಫಿಲ್ಮ್ ಜೊತೆಗೆ ಶಾಸ್ತ್ರದ ಪೂರ್ತಿ ವಿಡಿಯೋ, ಕತ್ತರಿಸದೇ ಇರುವುದು, ಬೇಕೇ ಬೇಕು ಅಂತ ಮೊದಲೇ ಬರೆಸಿಕೊಳ್ಳಿ. ನಾವು ಆಮೇಲೆ ಕೇಳಿದಾಗ ‘ಡಿಲೀಟ್ ಆಗಿದೆ ಮೇಡಂ’ ಅಂದರು.

ಸೀರೆ ಬಗ್ಗೆ ಒಂದು ಮಾತು. ನೀಲಿ, ತಿಳಿ ಹಸಿರು ಸೀರೆ ಸಮುದ್ರದ ಬಣ್ಣದಲ್ಲಿ ಮುಳುಗಿ ಹೋಗುತ್ತದೆ. ನನ್ನ ನಾದಿನಿ ಅರಿಶಿನ ಬಣ್ಣದ್ದು ಉಟ್ಟಿದ್ದಳು, ಇಡೀ ಫಿಲ್ಮಿನಲ್ಲಿ ಅವಳೇ ಮದುಮಗಳ ಹಾಗೆ ಕಾಣುತ್ತಾಳೆ!

ಬಾಳ್ಳುಪೇಟೆ ತೋಟದವನು:

ಅಕ್ಕ, ಪಟ್ಟಿ ಇವತ್ತೇ ಶುರು ಮಾಡುತ್ತೇನೆ. ವಿಡಿಯೋ ಅಣ್ಣ, ಪುರೋಹಿತರಿಗೆ ಫೋನ್ ಮಾಡಿದೆ. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ‘ಹೌದಲ್ವೋ’ ಅಂದರು. ಸಂಜೆ ತಿರುಗಿ ಫೋನ್ ಮಾಡಿ 9.08 ಅಂದರು. ಬೆಂಗಳೂರಿನವರಿಗೆ 6 ಗಂಟೆ ವಿಷಯ ಹೇಳಿದೆ. ‘ನಮ್ಮ ಆ್ಯಪ್‌ನಲ್ಲಿ ನೋಡಿದ್ದೆವು ಬ್ರೋ’ ಅಂದರು. ಆ್ಯಪ್‌ನಲ್ಲಿ ಯಾವ ಊರು ಇತ್ತು ಅಂತ ಕೇಳಲಿಲ್ಲ.

ಡ್ರೋನ್ ಮತ್ತು ಅಜ್ಜಿ ಹಾಡು, ಎರಡಕ್ಕೂ ಕಾಯುತ್ತಿದ್ದೇನೆ.

ಹಾಸನದ ವಿಡಿಯೋದವನು:

ಡ್ರೋನ್: ಅದು ಗಡಿ ಭಾಗದ ದ್ವೀಪ, ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯಪುರಂ) ವಿಮಾನ ನಿಲ್ದಾಣದಲ್ಲೇ ನೌಕಾಪಡೆ ಇದೆ. ಆಡಳಿತದ ಅನುಮತಿ ಪತ್ರ ಇಲ್ಲದೆ ಹಾರಿಸಬಾರದು. ‘ಅಲ್ಲಿ ನಮ್ಮವರಿದ್ದಾರೆ, ನೋಡಿಕೊಳ್ಳುತ್ತಾರೆ’ ಅಂದರೆ ನಂಬಬೇಡಿ, ಪತ್ರದ ಪ್ರತಿ ಕೇಳಿ. ಪತ್ರ ಬರಲಿಲ್ಲ ಅಂದರೆ ಡ್ರೋನಿನ ದುಡ್ಡು ಕಳೆಯಬೇಕು ಅಂತ ಬರೆಸಿ. ಸಿಕ್ಕರೂ ಧಾರೆ ಹೊತ್ತಿನಲ್ಲಿ ಹಾರಿಸುವುದು ಬೇಡ. ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ.

ಬ್ಯಾಟರಿಗಳೆಲ್ಲ ಕೈಚೀಲದಲ್ಲೇ ಹೋಗಬೇಕು, ಚೆಕ್‌ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ. 100 ವ್ಯಾಟ್-ಅವರ್ (ಬ್ಯಾಟರಿ ಸಾಮರ್ಥ್ಯದ ಅಳತೆ) ದಾಟಿದ ಬ್ಯಾಟರಿಗೆ ವಿಮಾನದವರನ್ನು ಮೊದಲೇ ಕೇಳಬೇಕು. ಮದುವೆ ದಿನವೇ ಹಡಗಿನಲ್ಲಿ ಬಂದಿಳಿಯುವ ಪ್ಲಾನ್ ಇದ್ದರೆ ಬಿಡಿ. ಗಾಳಿ ಎದ್ದರೆ ಹಡಗು ಹೊರಡುವುದಿಲ್ಲ. ಸಾಮಾನು, ಜನ ಎಲ್ಲಾ ಎರಡು ದಿನ ಮುಂಚೆ ಹ್ಯಾವ್ಲಾಕ್‌ನಲ್ಲಿರಲಿ.

ಮದುವೆ ಬೆಳಿಗ್ಗೆ ಕ್ಯಾಮೆರಾವನ್ನು ಎಸಿ ರೂಮಿನಿಂದ ಸೀದಾ ಹೊರಗೆ ತಂದರೆ ಲೆನ್ಸ್ ಬೆವರುತ್ತದೆ. ಕನ್ನಡಕ ಹಾಕಿಕೊಂಡು ಬಿಸಿನೀರಿನ ಬಚ್ಚಲಿಗೆ ಹೋದ ಹಾಗೆ. ಒರೆಸಿದರೂ ಮತ್ತೆ ಬರುತ್ತದೆ. ಅರ್ಧ ಗಂಟೆ ಮುಂಚೆ ಬ್ಯಾಗ್ ಸಮೇತ ಹೊರಗಿಡಲಿ. ಮಂಟಪಕ್ಕೆ ಮೇಲೆ ತೆಳು ಬಿಳಿ ಬಟ್ಟೆ ಕಟ್ಟಿಸಿ, 9 ಗಂಟೆಗೇ ಅಲ್ಲಿ ಬಿಸಿಲು ಮುಖಕ್ಕೆ ಹೊಡೆಯುತ್ತದೆ.

ನಾನೇ ವಿಡಿಯೋದವನು, ಆದರೂ ಹೇಳುತ್ತೇನೆ: ಕೊನೆ ಕಂತಿನ ದುಡ್ಡು ಫಿಲ್ಮ್ ಕೈಗೆ ಬಂದ ಮೇಲೆ ಕೊಡಿ. ದಿನಾ ರಾತ್ರಿ ಕ್ಯಾಮೆರಾ ಕಾರ್ಡುಗಳಲ್ಲಿರುವುದನ್ನು ಎರಡು ಡಿಸ್ಕಿಗೆ ಹಾಕಿಸಿ, ಒಂದು ನಿಮ್ಮ ಬ್ಯಾಗಿನಲ್ಲಿರಲಿ.

ಈಗ ಅಜ್ಜಿ. ಅವರಿಗೆ ಬೀಚಿನಲ್ಲಿ ಮೈಕ್ ಕೊಟ್ಟು ಹಾಡಿ ಅನ್ನಬೇಡಿ. ಸಮುದ್ರದ ಗಾಳಿಗೆ ಸಾಲು ಸಾಲೇ ಹಾರಿ ಹೋಗುತ್ತದೆ. ಎಡಿಟಿಂಗ್‌ನಲ್ಲಿ ಗಾಳಿ ತೆಗೆಯಲು ಹೋದರೆ ಅಜ್ಜಿ ದನಿಯೂ ತಗಡಿನ ಡಬ್ಬಿಯಲ್ಲಿ ಕೂತ ಹಾಗೆ ಆಗುತ್ತದೆ. ಮಂಟಪದಲ್ಲಿ ಅವರ ಪಾಡಿಗೆ ಹಾಡಲಿ, ಸೆರಗಿನ ಒಳಗೆ ಕಾಲರ್ ಮೈಕಿಗೆ ತುಪ್ಪಳದ ಟೋಪಿ ಹಾಕಿ ಸಿಕ್ಕಷ್ಟು ಹಿಡಿಯಲಿ. ನಿಜವಾದ ಹಾಡನ್ನು ಮಾತ್ರ ಹೊರಡುವ ಮುಂಚೆ ನಿಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿ. ಎಲ್ಲಾ ಕಿಟಕಿ ಮುಚ್ಚಿ, ಫ್ಯಾನ್, ಫ್ರಿಜ್ ಆಫ್ ಮಾಡಿ, ಹಾಸಿಗೆ ಇರುವ ಕೋಣೆಯಲ್ಲಿ ಕೂರಿಸಿ. ಫಿಲ್ಮಿನ ಮೊದಲ ಎರಡು ನಿಮಿಷ ಬೇರೆ ಸಂಗೀತ ಬೇಡ, ಅದನ್ನೇ ಹಾಕಲು ಹೇಳಿ. ಸಿನಿಮಾ ಹಾಡು ಹಾಕಿದರೆ ಯೂಟ್ಯೂಬ್‌ನವರು ಕಾಪಿರೈಟ್ ಅಂತ ತಗಾದೆ ತೆಗೆಯುತ್ತಾರೆ. ಅಜ್ಜಿಯ ಹಾಡಿಗೆ ಯಾರೂ ತೆಗೆಯುವುದಿಲ್ಲ.

ಬಾಳ್ಳುಪೇಟೆ ತೋಟದವನು:

ಮೂರು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಬೆಂಗಳೂರಿನವರು ಪೂರ್ತಿ ಶಾಸ್ತ್ರದ ವಿಡಿಯೋಕ್ಕೆ ಒಪ್ಪಿದರು. ಡ್ರೋನ್ ಪತ್ರ ಇನ್ನೂ ಬಂದಿಲ್ಲ, ಆ ದುಡ್ಡು ತಡೆಹಿಡಿದಿದ್ದೇನೆ. ಉಬ್ಬರದ ಪಟ್ಟಿ ನೋಡಿದರೆ 9.08ಕ್ಕೆ ನೀರು ಅರ್ಧ ಇಳಿದಿರುತ್ತದೆ. ಮಂಟಪದ ಬೆನ್ನು ಮರಗಳ ಕಡೆ ತಿರುಗಿಸಿದ್ದೇವೆ. ತಂಗಿ ಒಂದು ದಿನ ಮುನಿಸಿಕೊಂಡಳು.

ಅಜ್ಜಿ ಹಾಡು ನಿನ್ನೆ ರಾತ್ರಿ ರೆಕಾರ್ಡ್ ಮಾಡಿದೆ, ನನ್ನ ಫೋನಿನಲ್ಲೇ. ಫ್ರಿಜ್ ಆಫ್ ಮಾಡಿದ್ದಕ್ಕೆ ‘ಹಾಲು ಕೆಡುತ್ತೆ ಕಣೋ’ ಅಂತ ಬೈದರು. ಅದೂ ರೆಕಾರ್ಡ್ ಆಗಿದೆ. ಹನ್ನೆರಡು ನಿಮಿಷ ಹಾಡಿದರು. ನಮಗೆ ಗೊತ್ತಿದ್ದಿದ್ದು ಎರಡು ಹಾಡು, ಅವರು ಐದು ಹಾಡಿದರು. ಅಮ್ಮ ಬಾಗಿಲ ಹತ್ತಿರ ನಿಂತುಕೊಂಡೇ ಕೇಳಿದಳು. ಅಣ್ಣ, ಫೈಲ್ ವಾಟ್ಸ್ಯಾಪ್ ಮಾಡಲಾ? ಹೇಗಿದೆ ಕೇಳಿ ಹೇಳಿ.

ಹಾಸನದ ವಿಡಿಯೋದವನು:

ಆಡಿಯೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದ ಹಾಗೇ ಬರುತ್ತದೆ. ಅದಕ್ಕೂ ಮೊದಲು ಒಂದು ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿಡಿ. ಹಾಲಿನ ಮಾತನ್ನು ಕತ್ತರಿಸಬೇಡಿ.